ಮದ್ದಿಗೆ ಬಗ್ಗದ ಸಾಲ್ಮೊನೆಲ್ಲಾ: ಕೋಳಿ ಫಾರಂನವರು ತಿಳಿಯಬೇಕಾದ್ದು

ಬೂದಿಕೋಟೆ, ಬಂಗಾರಪೇಟೆ ಕಡೆಯ ಕೋಳಿ ಸಾಕುವವರೇ, ಇದನ್ನು ಪೂರ್ತಿ ಕೇಳಿ. ಕೋಳಿ ಬೇಗ ತೂಕ ಬರಲೆಂದು ಫೀಡ್‌ಗೆ ದಿನವೂ ಸ್ವಲ್ಪ ಸ್ವಲ್ಪ ಆಂಟಿಬಯಾಟಿಕ್ ಬೆರೆಸಿದರೆ ದುರ್ಬಲ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಸಾಯುತ್ತದೆ, ಮದ್ದಿಗೆ ಬಗ್ಗದ್ದು ಉಳಿದು ಬೆಳೆಯುತ್ತದೆ. ಮನುಷ್ಯರ ಚಿಕಿತ್ಸೆಗೆ ಕೊನೆಯ ಆಸರೆಯಾದ ಕೊಲಿಸ್ಟಿನ್ ಔಷಧಿಯನ್ನು ಭಾರತ 2019ರಲ್ಲಿ ಕೋಳಿ ಸಾಕಣೆಯಲ್ಲಿ ನಿಷೇಧಿಸಿದ್ದು ಇಂಥದೇ ಭಯದಿಂದ. ಮಾಂಸ ಚೆನ್ನಾಗಿ ಬೇಯಿಸಿದರೆ ಸಾಲ್ಮೊನೆಲ್ಲಾ ಸಾಯುತ್ತಲ್ಲ ಅನ್ನಬಹುದು. ನಿಜ, ಸಾಯುತ್ತದೆ. ಆದರೆ ಹಸಿ ಮಾಂಸ ಮುಟ್ಟಿದ ಕೈ, ಚಾಕುವಿನಿಂದ ಅದು ಹಸಿ ತರಕಾರಿಗೂ, ಕೋಳಿ ಗೊಬ್ಬರದಿಂದ ಹೊಲಕ್ಕೂ ಹೋಗಬಲ್ಲದು.

ಔಷಧಿ ಬಿಟ್ಟರೆ ನಷ್ಟವಾಗುವುದಿಲ್ಲವೇ? ನ್ಯಾಯವಾದ ಪ್ರಶ್ನೆ. ಕಾಯಿಲೆ ಬಿದ್ದ ಕೋಳಿಗೆ ಪಶುವೈದ್ಯರು ಬರೆದ ಔಷಧಿ ಕೊಡಲೇಬೇಕು; ತೂಕಕ್ಕೆಂದು ಕೊಡುವುದು ಬೇರೆ ಮಾತು. ಯುರೋಪ್ ಒಕ್ಕೂಟ 2006ರಲ್ಲೇ ಅದನ್ನು ನಿಷೇಧಿಸಿತು. ಅಲ್ಲಿ ಕೋಳಿ ಉದ್ಯಮ ಮುಚ್ಚಿಹೋಗಲಿಲ್ಲ. ಶೆಡ್ಡಿನ ನೆಲ ಒಣಗಿರಲಿ, ನೀರು ಶುದ್ಧವಿರಲಿ, ಲಸಿಕೆ ತಪ್ಪದಿರಲಿ. ಪಶುವೈದ್ಯರನ್ನು ಕೇಳದೆ ಆಂಟಿಬಯಾಟಿಕ್ ಹಾಕಬೇಡಿ.