ಶನಿವಾರ ರಾತ್ರಿಯ ಸಾಮ್ರಾಜ್ಯಗಳು

“ಲೇ ಕೆಂಪ್ಯಾ, ನನ್ನ ಕುರಿ ಎಲ್ಲಿ ಹೊಡಕೊಂಡು ಹೊಂಟೀಲೇ?”

“ನಿನ್ ಕುರಿನಾ? ಎಸ್ರು ಬರ್ದಿತ್ತಾ ಅದ್ರ ಮ್ಯಾಲೆ? ದಾರೀಲಿ ಮೇಯ್ತಾ ನಿಂತಿತ್ತು, ಹಿಡ್ಕಂಡೋಯ್ತಾ ಇವ್ನಿ.”

ಕೇಳಿದವನು ಧಾರವಾಡದಲ್ಲಿ ಕೂತಿದ್ದಾನೆ. ಉತ್ತರ ಕೊಟ್ಟವನು ಮಂಡ್ಯದವನು, ಈಗಿರುವುದು ಅಮೆರಿಕದ ಡಲ್ಲಾಸಿನಲ್ಲಿ. ಇಲ್ಲಿ ಶನಿವಾರ ರಾತ್ರಿ ಒಂಬತ್ತಾದರೆ ಅಲ್ಲಿ ಬೆಳಗಿನ ಹತ್ತೂವರೆ. ನಾನಿರುವುದು ರಾಜಾಜಿನಗರದ ಒಂದು ಮನೆಯ ಮೇಲಿನ ಕೋಣೆಯಲ್ಲಿ, ಆಡುವವನ ಬೆನ್ನ ಹಿಂದೆ, ಪ್ಲಾಸ್ಟಿಕ್ ಕುರ್ಚಿಯಲ್ಲಿ. ನನಗೂ ಕೇಳಲೆಂದು ಗೆಳೆಯ ಹೆಡ್‌ಫೋನ್ ಕಳಚಿಟ್ಟು ಸ್ಪೀಕರ್ ಹಾಕಿದ್ದಾನೆ. ಅದರಿಂದ ಬೇರೆ ಬೇರೆ ಊರಿನ ದನಿಗಳು ಒಟ್ಟಿಗೇ ಹೊರಬೀಳುತ್ತಿವೆ. ಇವರಿಗೆಲ್ಲ ಅಪ್ಪ ಅಮ್ಮ ಇಟ್ಟ ಹೆಸರಿದೆ, ಹಿಂದೆ ಮುಂದೆ ಇನಿಷಿಯಲ್ ಇದೆ, ಕೆಲವರಿಗೆ ದೊಡ್ಡ ಹುದ್ದೆಯೂ ಇದೆ. ಇಲ್ಲಿ ಅದ್ಯಾವುದೂ ನಡೆಯುವುದಿಲ್ಲ. ಆಟದಲ್ಲಿ ಸಿಕ್ಕ ಬಣ್ಣವೇ ಹೆಸರು. ಧಾರವಾಡದವನು ನೀಲಿ, ಡಲ್ಲಾಸಿನವನು ಕೆಂಪು, ಪುತ್ತೂರಿನ ಅಡಿಕೆ ಬೆಳೆಗಾರ ಹಸಿರು, ನನ್ನ ಗೆಳೆಯ ಹಳದಿ. ಐರ್ಲೆಂಡಿನ ಡಬ್ಲಿನ್‌ನಲ್ಲಿರುವವನು ಬೂದು. ಆರನೆಯವನು ಕಿತ್ತಳೆ, ಹಳದಿಯ ಅಕ್ಕನ ಮಗ, ಪಿಯುಸಿ ಓದುವ ಹುಡುಗ. ಉಳಿದವರೆಲ್ಲ ಒಂದೇ ಹಾಸ್ಟೆಲಿನ ಅನ್ನ ಉಂಡವರು. ಇವತ್ತು ನೀಲಿ, ಹಸಿರು, ಹಳದಿ ಒಂದು ಪಕ್ಷ, ಉಳಿದ ಮೂವರು ಎದುರು ಪಕ್ಷ.

ಆಟ ‘ಏಜ್ ಆಫ್ ಎಂಪೈರ್ಸ್’ ಎರಡನೆಯದು. 1999ರಲ್ಲಿ ಬಂದದ್ದು. ಮಾಡಿದ ಎನ್‌ಸೆಂಬಲ್ ಸ್ಟುಡಿಯೋಸ್ ಇದ್ದದ್ದು ಡಲ್ಲಾಸಿನಲ್ಲೇ, ಹಾಗಾಗಿ ಕೆಂಪು ಇದನ್ನು ‘ನಮ್ಮೂರ ಆಟ’ ಎನ್ನುತ್ತಾನೆ. ಆ ಕಂಪನಿ 2009ರಲ್ಲಿ ಬಾಗಿಲು ಹಾಕಿತು, ಆಟ ಮಾತ್ರ ಸಾಯಲಿಲ್ಲ. ಅಭಿಮಾನಿಗಳೇ ಗುಂಪು ಕಟ್ಟಿಕೊಂಡು ಹೊಸ ರಾಜ್ಯಗಳನ್ನು ಸೇರಿಸುತ್ತ ಹೋದರು. ಆಮೇಲೆ ಮೈಕ್ರೋಸಾಫ್ಟ್ ಆ ಗುಂಪಿಗೇ ಕೆಲಸ ಒಪ್ಪಿಸಿತು. 2019ರಲ್ಲಿ ಚಿತ್ರಗಳನ್ನೆಲ್ಲ ಹೊಸದಾಗಿ ತಿದ್ದಿದ ಆವೃತ್ತಿ ಬಂತು. ಇವರು ಈಗ ಆಡುವುದು ಅದನ್ನೇ. ಮಧ್ಯಯುಗದ ಯುದ್ಧ, ಒಂದು ಕಣದಲ್ಲಿ ಎಂಟು ಜನರವರೆಗೆ ಆಡಬಹುದು. ಹಳ್ಳಿಯಿಂದ ಆರಂಭಿಸಿ ಕೋಟೆ ಕಟ್ಟಿ, ಎದುರಾಳಿಯನ್ನು ನೆಲಸಮ ಮಾಡಿದರೆ ಗೆಲುವು.

ಯುದ್ಧದ ಆಟ ಎಂದರೂ ಮೊದಲ ಇಪ್ಪತ್ತು ನಿಮಿಷ ಇವರ ಬಾಯಲ್ಲಿ ಕುರಿ, ಹಂದಿ, ಸೌದೆ, ಹೊಲ, ಮನೆ ಬಿಟ್ಟರೆ ಬೇರೆ ಮಾತಿಲ್ಲ. ಶುರುವಿಗೆ ಸಾಮಾನ್ಯವಾಗಿ ಸಿಗುವುದು ಮೂವರು ಆಳು, ಊರು ಸುತ್ತಿ ನೋಡಲು ಒಬ್ಬ ಕುದುರೆ ಸವಾರ, 200 ಪಾಲು ಆಹಾರ. ಒಬ್ಬ ಹೊಸ ಆಳು ಹುಟ್ಟಲು 50 ಪಾಲು ಬೇಕು. ಒಂದು ಕುರಿಯಲ್ಲಿರುವುದು 100. ಅಂದರೆ ಒಂದು ಕುರಿ ಕಳೆದುಕೊಂಡರೆ ಇಬ್ಬರು ಆಳು ಹೋದಂತೆ. ಕುರಿಗೆ ನಿಷ್ಠೆಯೆಂಬುದೂ ಇಲ್ಲ. ನಿಮ್ಮವರು ಯಾರೂ ಹತ್ತಿರವಿಲ್ಲದಾಗ ಎದುರಾಳಿಯ ಸವಾರ ಬಂದರೆ ಸುಮ್ಮನೆ ಬಣ್ಣ ಬದಲಿಸಿ ಅವನ ಹಿಂದೆ ನಡೆಯುತ್ತದೆ. ನೀಲಿಯ ಸಂಕಟ ಅರ್ಥವಾಗುವಂಥದ್ದೇ.

ಹಂದಿಯ ಕತೆ ಬೇರೆ. ಕಾಡುಹಂದಿಯಲ್ಲಿ 340 ಪಾಲು ಆಹಾರವಿದೆ. ಆದರೆ ಅದನ್ನು ಇದ್ದಲ್ಲಿ ಹೊಡೆದರೆ ಮಾಂಸ ಹೊತ್ತು ತರುವುದೇ ಕೆಲಸವಾಗುತ್ತದೆ. ಹಾಗಾಗಿ ಒಬ್ಬ ಆಳು ಹೋಗಿ ಬಾಣ ಬಿಟ್ಟು, ಕೆರಳಿಸಿ, ಅಟ್ಟಿಸಿಕೊಂಡು ಬರುವ ಹಂದಿಯನ್ನು ಊರಿನ ನಡುವೆ ತಂದು ಕೆಡವಬೇಕು. ಹಸಿರು ಅದಕ್ಕೆ ಕೈ ಹಾಕಿದ್ದಾನೆ. ಒಂದೇ ಪಕ್ಷದವರಿಗೆ ಅವನ ಊರು ಕಾಣುವುದರಿಂದ ಹಳದಿಯ ಪರದೆಯ ಮೂಲೆಯಲ್ಲಿ ನಾವೂ ನೋಡುತ್ತಿದ್ದೇವೆ. ಬೆರಳುಗುರಿನಷ್ಟು ಮನುಷ್ಯ ಬಿಲ್ಲು ಹೆಗಲಿಗೇರಿಸಿ ಓಡುತ್ತಿದ್ದಾನೆ. ಹಿಂದೆ ಕಪ್ಪು ಉಂಡೆ. ಟೌನ್ ಸೆಂಟರಿನ ಬಾಗಿಲಿಗೆ ಇನ್ನೇನು ಬಂದ ಎನ್ನುವಾಗ ಅವನು ಒಂದು ಮರದ ಸುತ್ತ ಬಳಸುತ್ತಾನೆ, ಹಂದಿ ಬಳಸುವುದಿಲ್ಲ. ಒಂದು ಕೂಗು, ಆಳು ನೆಲಕ್ಕೆ.

“ಎಂಥ ಮಾರಾಯ ಇದು! ನಮ್ಮ ತೋಟಕ್ಕೆ ಬರುವ ಹಂದಿಯನ್ನೇ ಓಡಿಸ್ಲಿಕ್ಕೆ ಆಗುದಿಲ್ಲ, ಇದನ್ನು ಎಲ್ಲಿಂದ ಕರ್ಕೊಂಡು ಬರುದು?”

“ಗರ್ನಾಲ್ ಹೊಡೀಬೇಕಿತ್ತು ಗುರೂ,” ಎನ್ನುತ್ತಾನೆ ಹಳದಿ. ಅಷ್ಟರಲ್ಲಿ ಯಾರೋ 11 ಒತ್ತುತ್ತಾರೆ. ಸ್ಪೀಕರಿನಿಂದ ಗಹಗಹಿಸುವ ನಗೆ.

ಈ ಅಂಕಿಗಳು ಈ ಆಟದ ದೊಡ್ಡ ಸೊಗಸು. ಸಂಖ್ಯೆ ಒತ್ತಿದರೆ ಸಾಕು, ಮೊದಲೇ ಧ್ವನಿ ಕೊಟ್ಟಿಟ್ಟ ಮಾತು ಎಲ್ಲರಿಗೂ ಕೇಳುತ್ತದೆ. 3 ಒತ್ತಿದರೆ ಆಹಾರ ಕೊಡಿ ಎಂದು ಬೇಡಿಕೆ, 4 ಕಟ್ಟಿಗೆಗೆ, 5 ಚಿನ್ನಕ್ಕೆ, 6 ಕಲ್ಲಿಗೆ. 14 ಎಂದರೆ ಬೇಗ ಆಟ ಶುರು ಮಾಡ್ರಪ್ಪ ಎಂಬ ಗದರಿಕೆ, 13 ಎಂದರೆ ಸೋತದ್ದಕ್ಕೆ ಇಂಟರ್ನೆಟ್ಟಿನ ಮೇಲೆ ತಪ್ಪು ಹೊರಿಸು ಎಂಬ ಚುಚ್ಚು. 30 ಎಂದರೆ ‘ವೊಲೊಲೊ’. ಮೊದಲ ಆಟದಲ್ಲಿ ಎದುರಾಳಿಯ ಸೈನಿಕನನ್ನು ತನ್ನವನನ್ನಾಗಿ ಮಾಡಿಕೊಳ್ಳುವ ಪೂಜಾರಿಯ ಮಂತ್ರ ಅದು. ಈ ಬಳಗದವರು ವಾಟ್ಸಾಪಿನಲ್ಲೂ ನಗಲು 11 ಎಂದೇ ಬರೆಯುತ್ತಾರೆ. ಒಬ್ಬನ ಮದುವೆಯ ಕರೆಯೋಲೆಯ ಕೆಳಗೆ ನಾಲ್ವರು 14 ಎಂದು ಬರೆದಿದ್ದರಂತೆ.

ಈಗ 4ರ ಸರದಿ. ಒತ್ತುತ್ತಿರುವವನು ನೀಲಿ, ಒಂದರ ಹಿಂದೊಂದು.

“ಕಟಿಗಿ ಕೊಡೋ ಹಳದಿ. ನಿನಗೇನು ಪುಗಸಟ್ಟೆ ಬರ್ತದ.”

ಅದು ನಿಜ. ಹಳದಿ ಆರಿಸಿಕೊಂಡಿರುವುದು ದ್ರಾವಿಡರನ್ನು. ಯುಗ ದಾಟಿದಾಗಲೆಲ್ಲ ಅವರಿಗೆ 200 ಪಾಲು ಕಟ್ಟಿಗೆ ಬಿಟ್ಟಿಯಾಗಿ ಸಿಗುತ್ತದೆ.

“ನೂರು ಕಳಿಸಿದ್ರೆ ನನಗೆ ನೂರ ಮೂವತ್ತು ಖರ್ಚು ಕಣೋ. ಮಾರ್ಕೆಟ್ಟಿನವರು ಕಮಿಷನ್ ಹೊಡೀತಾರೆ.”

“ಬ್ಯಾಂಕಿಂಗ್ ಕಲಿಸಪಾ, ಕಮಿಷನ್ ಹೋಗ್ತದ. ಕೆಇಬಿ ಬಿಲ್ ಕಟ್ಟುವಾಗ ಇಷ್ಟು ಲೆಕ್ಕ ಹಾಕ್ತಿ ಏನ?”

“ಹಾಸ್ಟೆಲಲ್ಲಿ ಇಸ್ಕೊಂಡ ಮೆಸ್ ಬಿಲ್ ದುಡ್ಡು ಮೊದ್ಲು ಕೊಡು, ಆಮೇಲೆ ಕಟ್ಟಿಗೆ.”

ಹಳದಿ ಬೈಯುತ್ತಲೇ ಇನ್ನೂರು ಕಳಿಸುತ್ತಾನೆ. ದ್ರಾವಿಡರ ಮೇಲೆ ಅವನಿಗೇಕೆ ಇಷ್ಟು ಮೋಹ ಎಂಬುದಕ್ಕೆ ಉತ್ತರ ಒಂದೇ, ನಮ್ಮವರು. 2022ರ ಏಪ್ರಿಲ್‌ನಲ್ಲಿ ಬಂದ ಭಾರತದ ಅಧ್ಯಾಯದಲ್ಲಿ ಬಂಗಾಳಿಗಳು, ಗುರ್ಜರರು, ಹಿಂದೂಸ್ತಾನಿಗಳ ಜೊತೆ ಇವರೂ ಬಂದರು. ಉರುಮಿ ಬೀಸುವ ಸೈನಿಕರಿದ್ದಾರೆ, ಆನೆಯ ಮೇಲಿನ ಬಿಲ್ಲಾಳುಗಳಿದ್ದಾರೆ, ಕವಚವನ್ನು ಲೆಕ್ಕಿಸದ ದಕ್ಷಿಣದ ಹೆಸರಾಂತ ಉಕ್ಕಿದೆ. ಆದರೆ ಚಾಲುಕ್ಯ, ಹೊಯ್ಸಳ, ವಿಜಯನಗರ ಎಂದು ಬೇರೆ ಬೇರೆ ಪಾಳಯಗಳಿಲ್ಲ, ದಕ್ಷಿಣದವರೆಲ್ಲ ಒಂದೇ ಚಪ್ಪರದಡಿ. ಕಥೆಯಾಗಿ ಆಡಲು ಕೊಟ್ಟಿರುವ ನಾಯಕ ರಾಜೇಂದ್ರ ಚೋಳ. ಆಳಿನ ಮೇಲೆ ಒತ್ತಿದರೆ ಅವನು ಓಗೊಡುವುದು ತಮಿಳಿನಲ್ಲಿ.

“ಮಸ್ಕಿಯೊಳಗ ನಮ್ಮ ಜಯಸಿಂಹನ ಮ್ಯಾಲೆ ದಂಡೆತ್ತಿ ಬಂದವ ಅವ. ಅವನ ಮಂದಿನ್ನ ನಮ್ಮವರು ಅಂತೀಯಲ್ಲೋ,” ಎಂದು ನೀಲಿ ಕಾಲೆಳೆಯುತ್ತಾನೆ. ಅವನು ಚರಿತ್ರೆ ಓದಿಕೊಂಡವನು. ಈ ಆಟದಿಂದ ಚರಿತ್ರೆ ಕಲಿಯಲು ಹೋಗಬಾರದು ಎಂಬುದು ಅವನ ಕಟ್ಟಪ್ಪಣೆ. ಅದನ್ನು ಹೇಳುವ ಅವನು ಈ ಹೊತ್ತು ಆಡುತ್ತಿರುವುದು ಅಜ್ಟೆಕರನ್ನು. ಅವರಿಗೆ ಪಕ್ಕದಲ್ಲಿ ಚೋಳರ ಆನೆ, ಎದುರಿಗೆ ಯುರೋಪಿನ ಫ್ರಾಂಕರ ಕುದುರೆ. ಅಂಥ ಜಾತ್ರೆ ಯಾವ ಶತಮಾನದಲ್ಲೂ ನೆರೆದದ್ದಿಲ್ಲ.

ಆ ಫ್ರಾಂಕರ ಕುದುರೆ ಕಿತ್ತಳೆಯದು.

“ಮಾಮಾ, ಊಟ ಆಯ್ತಾ?”

“ಆಯ್ತು ಕಣೋ. ಯಾಕೆ?”

“ಏನಿಲ್ಲ, ನಿಮ್ಮ ಗೇಟ್ ತೆಗ್ದೇ ಇದೆ. ಬರ್ಲಾ?”

ಹಳದಿ ಮೌಸನ್ನು ಎಳೆದು ನೋಡುವಷ್ಟರಲ್ಲಿ ಆರು ಕುದುರೆಗಳು ಹೊಲದೊಳಗಿವೆ. ಅವನು ಊರಿನ ಗಂಟೆ ಬಾರಿಸುತ್ತಾನೆ. ಆಳುಗಳು ಕುಡುಗೋಲು ಬಿಟ್ಟು ಟೌನ್ ಸೆಂಟರಿನ ಒಳಗೆ ನುಗ್ಗುತ್ತಾರೆ. ಹೊರಗೆ ಸಿಕ್ಕವರ ಗತಿ ಹೇಳುವ ಹಾಗಿಲ್ಲ. ದ್ರಾವಿಡರಿಗೆ ಇಂಥ ಭಾರಿ ಕುದುರೆಯೇ ಇಲ್ಲ, ಈಟಿಯವರನ್ನು ಇಟ್ಟುಕೊಂಡಿದ್ದರೆ ಬಚಾವಾಗಬಹುದಿತ್ತು.

“ನಿಮ್ಮಮ್ಮನಿಗೆ ಫೋನ್ ಮಾಡ್ತೀನಿ ತಾಳು. ಸೋಮವಾರ ಟೆಸ್ಟ್ ಇಟ್ಕೊಂಡು ಇಲ್ಲಿ ಕೂತಿದೀಯಾ.”

“ಅಮ್ಮ ಇಲ್ಲೇ ಇದಾರೆ ಮಾಮಾ, ನೋಡ್ತಿದಾರೆ. ನಗ್ತಿದಾರೆ.”

ಹುಡುಗನ ಕಲಿಕೆಯ ದಾರಿಯೇ ಬೇರೆ. ಇವರು ಹಾಸ್ಟೆಲಿನಲ್ಲಿ ಕಲಿತವರು. ಎಸ್‌ಪಿ ರಸ್ತೆಯಲ್ಲಿ ಬಿಡಿಭಾಗ ಕೊಂಡು ಜೋಡಿಸಿದ ಕಂಪ್ಯೂಟರುಗಳು, ಕಿಟಕಿಯಿಂದ ಕಿಟಕಿಗೆ ಬಟ್ಟೆ ಒಣಗಿಸುವ ಹಗ್ಗದ ಜೊತೆಗೇ ಎಳೆದ ಕೇಬಲ್, ನ್ಯಾಷನಲ್ ಮಾರ್ಕೆಟ್ಟಿನ ಕಳ್ಳ ಸಿಡಿ. ಕರೆಂಟ್ ಹೋದರೆ ಸಾಮ್ರಾಜ್ಯವೂ ಹೋಯಿತು. ಕಿತ್ತಳೆಗೆ ಗುರುಗಳು ಕೆನಡಾದ ಹೆರಾ, ನಾರ್ವೆಯ ದಿ ವೈಪರ್ ಎಂಬ ವೃತ್ತಿಪರ ಆಟಗಾರರು. ಅಂಥವರು 2022ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್ ಕೋಟೆಯೊಳಗೇ ಕೂತು ಪಂದ್ಯಾವಳಿ ಆಡಿದರು. ಅವರ ಆಟದ ವಿಡಿಯೋ ನೋಡಿ ನೋಡಿ ಹುಡುಗ ಎಷ್ಟನೆಯ ಆಳು ಕುರಿಗೆ, ಎಷ್ಟನೆಯವನು ಸೌದೆಗೆ ಎಂಬುದನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿದ್ದಾನೆ. “ನೀವು ಮನೆ ಕಟ್ಟೋಕೂ ಮೌಸಲ್ಲಿ ಕ್ಲಿಕ್ ಮಾಡ್ತೀರಲ್ಲ ಅಂಕಲ್, ಕೀಬೋರ್ಡ್ ಏನಕ್ಕೆ ಇರೋದು?” ಎಂದು ಅವನು ವಿನಯದಿಂದ ಕೇಳಿದಾಗ ಯಾರಲ್ಲೂ ಉತ್ತರವಿರಲಿಲ್ಲ. ಅವನು ಹಿರಿಯರಿಗೆ ಬಹುವಚನ ತಪ್ಪಿಸುವುದಿಲ್ಲ. ಬಹುವಚನದಲ್ಲೇ ಊರು ಸುಡುತ್ತಾನೆ.

ನಡುವೆ ಧಾರವಾಡದಲ್ಲಿ ಕುಕ್ಕರ್ ಕೂಗುತ್ತದೆ. ನೀಲಿ ಆಟ ನಿಲ್ಲಿಸಿ ಒಳಗೆ ಹೋಗುತ್ತಾನೆ. ಆ ಎರಡು ನಿಮಿಷದಲ್ಲಿ ಕೆಂಪು ಕೇಳುತ್ತಾನೆ: “ಹಸಿರು, ನಿಮ್ಮಪ್ಪಂಗೆ ಎಂಗದೆ ಈಗ?” “ಪರವಾಗಿಲ್ಲ ಮಾರಾಯ. ನಿನ್ನೆ ಮನೆಗೆ ಕರ್ಕೊಂಡು ಬಂದೆವು.” “ದುಡ್ಡುಗಿಡ್ಡು ಬೇಕಾ?” “ಬೇಡ. ನೀನು ನನ್ನ ಮೇಲೆ ಬರದಿದ್ರೆ ಸಾಕು.” “ಅದಾಗಕಿಲ್ಲ ಬುಡು.” ಈ ಗಂಡಸರು ಬರೀ ಕ್ಷೇಮ ವಿಚಾರಿಸಲು ಫೋನ್ ಮಾಡಿದರೆ ಒಂದು ನಿಮಿಷಕ್ಕೆ ಮಾತು ಮುಗಿಯುತ್ತದೆ, ಮತ್ತೇನು, ಮತ್ತೇನು ಎಂದು ತಡಕಾಡುತ್ತಾರೆ. ಕುರಿ ಕದ್ದ ಜಗಳ ಇದ್ದರೆ ಎರಡು ಗಂಟೆ ಸಾಲುವುದಿಲ್ಲ.

ಇಷ್ಟೂ ಹೊತ್ತು ಬೂದು ತುಟಿ ಬಿಚ್ಚಿಲ್ಲ. ಹಾಸ್ಟೆಲಿನಲ್ಲೂ ಹೀಗೇ ಇದ್ದನಂತೆ, ಎಲ್ಲರೂ ಇಸ್ಪೀಟಿನಲ್ಲಿ ಕೂಗಾಡುವಾಗ ಮೂಲೆಯಲ್ಲಿ ಎಣಿಸುತ್ತ ಕೂರುವವನು. ಇವತ್ತಿನ ಕಣ ಬ್ಲ್ಯಾಕ್ ಫಾರೆಸ್ಟ್. ಎಲ್ಲೆಲ್ಲೂ ದಟ್ಟ ಕಾಡು, ಊರಿಂದೂರಿಗೆ ಇಕ್ಕಟ್ಟಿನ ದಾರಿ. ಆ ದಾರಿಗಳಿಗೆ ಗೋಡೆ ಹಾಕಿಬಿಟ್ಟರೆ ನೆಮ್ಮದಿ ಎಂಬುದು ಹಸಿರಿನ ನಂಬಿಕೆ. ಎರಡು ಸುತ್ತು ಗೋಡೆ ಹಾಕಿ, ಹಿಂದೆ ಕೋಟೆ ಕಟ್ಟಿ, ಚಹಾ ಕುಡಿಯಲು ಎದ್ದಿದ್ದಾನೆ.

ಅವನಿಲ್ಲದಾಗ ಹಳದಿಯೇ ಮೊದಲು ಕಂಡದ್ದು: ಹಸಿರಿನ ಊರಿನ ಹಿತ್ತಿಲ ಕಾಡು ತೆಳ್ಳಗಾಗುತ್ತಿದೆ. ಓನೇಜರ್ ಎಂಬ ಕಲ್ಲೆಸೆಯುವ ಗಾಡಿಗಳಿಂದ ಮರಗಳನ್ನು ಉರುಳಿಸಬಹುದು. ಬೂದು ಅರ್ಧ ಗಂಟೆಯಿಂದ ಮಾಡುತ್ತಿದ್ದುದು ಅದನ್ನೇ. ಕೊನೆಯ ಸಾಲು ಬಿದ್ದಾಗ ಆಚೆ ಟ್ರೆಬುಶೆ ಎಂಬ ನಾಲ್ಕು ಭಾರಿ ಕವಣೆಗಳು ನಿಂತಿವೆ. ಗಾಡಿಯಿಂದ ಇಳಿದು, ಕಾಲು ಚಾಚಿ, ಉದ್ದನೆಯ ತೋಳು ಹಿಂದಕ್ಕೆ ಬಾಗಿಸಿ ಮೊದಲ ಬಂಡೆ ಎಸೆದವು. ಕೋಟೆಯ ಮೂಲೆಯಿಂದ ಹೊಗೆ ಎದ್ದಿತು.

“ಹಸಿರೂ! ಬಾರೋ, ಮನೆ ಬೀಳ್ತಿದೆ!”

“ಯಾವ ಮನೆ ಮಾರಾಯ?” ದೂರದಿಂದ, ಲೋಟದ ಸದ್ದಿನೊಂದಿಗೆ. ಮತ್ತೆ, ಹತ್ತಿರದಿಂದ: “ಅಯ್ಯಯ್ಯೋ! ನನ್ನ ಕಾಡು ಪೂರ್ತಿ ಕಡಿದ್ರು ಇವ್ರು. ಅರಣ್ಯ ಇಲಾಖೆಗೆ ಕಂಪ್ಲೇಂಟ್ ಕೊಡ್ತೇನೆ.”

ಆಗ ಬೂದು ಆ ರಾತ್ರಿಯ ತನ್ನ ಮೊದಲ ಮಾತಾಡಿದ. ಬಾಯಿಂದಲ್ಲ, 30 ಒತ್ತಿ.

ಹಸಿರು ಶರಣಾದ. ಹಳದಿಯ ಹೊಲಗಳನ್ನು ಕಿತ್ತಳೆ ಆಗಲೇ ಮುಗಿಸಿದ್ದ. ನೀಲಿ ಒಬ್ಬನೇ ಒಂದಷ್ಟು ಹೊತ್ತು ಈಟಿಯವರನ್ನು ಹುಟ್ಟಿಸುತ್ತ ಒದ್ದಾಡಿ, ಕೊನೆಗೆ “ಜೀಜಿ (ಗುಡ್ ಗೇಮ್), ಮಲಕೋತೇನಿ” ಎಂದು ಕೈಚೆಲ್ಲಿದ. ಆಟ ಮುಗಿದ ಮೇಲೆ ಬರುವ ಅಂಕಪಟ್ಟಿಯ ಮುಂದೆ ಜಗಳ ಇನ್ನೊಂದು ಸುತ್ತು ನಡೆಯಿತು. ಹೆಚ್ಚು ಆಹಾರ ಕೂಡಿಟ್ಟವನು ಹಸಿರು, ಆದರೂ ಸೋತ. ನೆಟ್ ನಿಧಾನವಿತ್ತು ಎಂದು ಹಳದಿ ರಾಗ ತೆಗೆದದ್ದೇ ತಡ, ಆಟ ಮುಗಿದಿದ್ದರಿಂದ ಅಂಕಿ ಒತ್ತಲಾಗದೆ ಕೆಂಪೂ ಕಿತ್ತಳೆಯೂ ಬಾಯಲ್ಲೇ “ಹದಿಮೂರು!” ಎಂದು ಕೂಗಿದರು.

ಮುಂದಿನ ಪಂದ್ಯವೂ ಶನಿವಾರ ಒಂಬತ್ತಕ್ಕೇ. ನವೆಂಬರಿನ ಮೊದಲ ಭಾನುವಾರ ಅಮೆರಿಕದ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುವುದರಿಂದ, ಆಮೇಲೆ ಮಾರ್ಚ್‌ವರೆಗೆ ನಮ್ಮ ಹತ್ತು ಗಂಟೆಗೆ. ಆ ಹೊತ್ತಿಗೆ ತನಗೆ ನಿದ್ದೆ ಬರುತ್ತದೆ ಎಂದು ಹಸಿರು ತಕರಾರು ಎತ್ತಿದ. ನಾಲ್ಕು ವೋಟಿಗೆ ಒಂದರಂತೆ ಅದು ಬಿದ್ದುಹೋಯಿತು. ಬೂದು ವೋಟೂ ಹಾಕಲಿಲ್ಲ.