ಸುಖೀರಾಜ್ಯವೂ ನಮ್ಮೂರ ಶಿಲ್ಪಿಯೂ

ಮಾಲೂರು ತಾಲ್ಲೂಕಿನ ಶಿವಾರಪಟ್ಟಣ ನನ್ನೂರು. ಅಲ್ಲಿ ಬೆಳಗಾಗುವುದೇ ಉಳಿ ಸುತ್ತಿಗೆಗಳ ಸದ್ದಿನಿಂದ. ನಮ್ಮ ತಾತ ಜೀವಮಾನವೆಲ್ಲ ಕಲ್ಲಿನಲ್ಲಿ ದೇವರನ್ನು ಕಡೆದವರು. ಅವರಿಗಾಗಿ ವೃದ್ಧಾಪ್ಯವೇತನ ಕೇಳಲು ಹೋದಾಗ ಎದುರಾದ ಮೊದಲ ಪ್ರಶ್ನೆ, “ವಯಸ್ಸಿಗೆ ದಾಖಲೆ ಏನು?” ಶಾಲೆಯ ಮೆಟ್ಟಿಲು ಹತ್ತದವರಿಗೆ ದಾಖಲೆ ಎಲ್ಲಿಯದು? ಗುರುತಿನ ಚೀಟಿಯಲ್ಲಿ ಯಾರೋ ಅಂದಾಜಿನಿಂದ ಬರೆದ ವರ್ಷದ ಪ್ರಕಾರ ತಾತ ಇನ್ನೂ ಮುದುಕರಾಗಿರಲಿಲ್ಲ!

ಆ ದಿನಗಳಲ್ಲಿಯೇ ನಾನು ಐರ್ಲೆಂಡಿನ ವೃತ್ತಾಂತವನ್ನು ಓದಿದೆ. 1908ರ ಕಾಯಿದೆಯಂತೆ ಅಲ್ಲಿ 70 ತುಂಬಿದ ಬಡವರಿಗೆ 1909ರ ಜನವರಿಯಿಂದ ವಾರಕ್ಕೆ 5 ಷಿಲಿಂಗುಗಳವರೆಗೆ ವೇತನ ದೊರೆಯಿತು. ಆದರೆ ಅಲ್ಲಿ ಎಲ್ಲರ ಜನನವನ್ನೂ ನೋಂದಾಯಿಸತೊಡಗಿದ್ದು 1864ರಲ್ಲಿ. ಆದುದರಿಂದ 1839ರ ಜನವರಿಯ ಮಹಾ ಬಿರುಗಾಳಿಯ ರಾತ್ರಿ ತಮಗೆ ನೆನಪಿದೆಯೆಂದು ಹೇಳಿದ ವೃದ್ಧರ ಮಾತೂ ವಯಸ್ಸಿಗೆ ಸಾಕ್ಷಿಯಾಯಿತು.

ಆ ದೇಶದ ಸುಖೀರಾಜ್ಯ ಒಂದೇ ದಿನದಲ್ಲಿ ಕಟ್ಟಿದುದಲ್ಲ. 1944ರಲ್ಲಿ ಮಕ್ಕಳ ಭತ್ಯೆ ಬಂದಿತು. ಮೊದಲು ತಂದೆಗೆ ಸಲ್ಲುತ್ತಿದ್ದ ಆ ಹಣ 1974ರಲ್ಲಿ ತಾಯಿಯ ಹಕ್ಕಾಯಿತು. 1952ರ ಕಾಯಿದೆ ಕೂಲಿಕಾರರ ವಿಮೆಗಳನ್ನು ಒಂದುಗೂಡಿಸಿತು. ಸ್ವಂತ ಕಸುಬಿನವರು ಅದರೊಳಗೆ ಸೇರಲು 1988ರವರೆಗೆ ಕಾಯಬೇಕಾಯಿತು.

ನಮಗೂ ಆ ದೇಶಕ್ಕೂ ಒಂದು ನಂಟುಂಟು. ನಮ್ಮ ಸಂವಿಧಾನದ ನಿರ್ದೇಶಕ ತತ್ತ್ವಗಳಿಗೆ 1937ರ ಐರಿಷ್ ಸಂವಿಧಾನವೇ ಮಾದರಿ. ವೃದ್ಧಾಪ್ಯ, ನಿರುದ್ಯೋಗ, ಕಾಯಿಲೆಗಳಲ್ಲಿ ರಾಜ್ಯವು ನೆರವಾಗಬೇಕೆಂದು ನಮ್ಮ 41ನೆಯ ವಿಧಿ ಹೇಳುತ್ತದೆ. ಆದರೆ ನೆರವು ಎಲ್ಲರನ್ನೂ ಒಂದೇ ದಾರಿಯಲ್ಲಿ ಮುಟ್ಟುವುದಿಲ್ಲ. 1948ರ ನೌಕರರ ರಾಜ್ಯ ವಿಮಾ ಕಾಯಿದೆ ಕಾರ್ಖಾನೆಯ ಕೂಲಿಕಾರನನ್ನು ಕಾಯ್ದಿತು. 2007ರ ಸಂಧ್ಯಾ ಸುರಕ್ಷಾ ಯೋಜನೆ 65 ತುಂಬಿದ ಬಡ ಶ್ರಮಜೀವಿಗಳಿಗೆ ಮಾಸಾಶನ ತಂದಿತು. 2023ರ ಗೃಹಲಕ್ಷ್ಮಿ ಯೋಜನೆ ಮನೆಯ ಯಜಮಾನಿಗೇ ತಿಂಗಳಿಗೆ 2,000 ರೂಪಾಯಿಯನ್ನು ಗೊತ್ತುಮಾಡಿತು. ಅದೇ ವರ್ಷದ ವಿಶ್ವಕರ್ಮ ಯೋಜನೆಯಲ್ಲಿ ಶಿಲ್ಪಿಗೆ ತರಬೇತಿ, ಉಪಕರಣ, 3 ಲಕ್ಷದವರೆಗೆ ಸಾಲ ಉಂಟು.

ಆದರೂ ಒಂದು ಕೊರತೆ ಉಳಿದಿದೆ. ಕಲ್ಲಿನ ಧೂಳು ಶ್ವಾಸಕೋಶವನ್ನು ಕೆಡಿಸುತ್ತದೆ. ವಿಮೆಯುಳ್ಳ ಕಾರ್ಮಿಕನಿಗೆ ಆ ರೋಗ ಕಸುಬಿನಿಂದ ಬಂದುದಾದರೆ ಪರಿಹಾರದ ಹಕ್ಕಿದೆ. ಸ್ವಂತ ಚಪ್ಪರದಡಿ ಕೆತ್ತುವವನಿಗೆ ಧಣಿಯಿಲ್ಲ, ಆದುದರಿಂದ ಆ ವಿಮೆಯೂ ಇಲ್ಲ. ಸಾಲ ಕೊಟ್ಟರೆ ಉಳಿ ಬಂದೀತು, ಉಸಿರು ಬಂದೀತೆ?

ಕೊನೆಗೆ ವೈದ್ಯರೊಬ್ಬರ ವಯೋಪ್ರಮಾಣ ಪತ್ರದಿಂದ ತಾತನಿಗೆ ವೇತನ ಮಂಜೂರಾಯಿತು. ಮೊದಲ ತಿಂಗಳ ಹಣವನ್ನು ಕೈಯಲ್ಲಿ ಹಿಡಿದು ಅವರು ಕೆಮ್ಮುತ್ತಲೇ ನಕ್ಕರು. ಆ ನಗು ಸುಖೀರಾಜ್ಯದ ಸಾಧನೆ. ಆ ಕೆಮ್ಮು ಅದರ ಮುಂದಿರುವ ಕೆಲಸ.