ಸಂಯಮ ಮತ್ತು ರಕ್ತಪರೀಕ್ಷೆ

ಭಾರತದಲ್ಲಿ ಎಚ್.ಐ.ವಿ. ಸೋಂಕು ಮೊದಲು ಪತ್ತೆಯಾದದ್ದು ನಾವು ನೆಲೆಸಿರುವ ಈ ಮದರಾಸಿನಲ್ಲಿ, 1986ರಲ್ಲಿ; ಅದನ್ನು ಕಂಡುಕೊಂಡದ್ದು ಮದರಾಸು ವೈದ್ಯಕೀಯ ಕಾಲೇಜಿನ ಡಾ. ಸುನೀತಿ ಸಾಲೋಮನ್ ಅವರ ತಂಡ. ಇಂದು ಶೋಳಿಂಗನಲ್ಲೂರಿನ ಕಂಪ್ಯೂಟರ್ ಕಂಪನಿಗಳಿಗೆ ಬಂದು ಒಂಟಿಯಾಗಿ ವಾಸಿಸುವ ತರುಣ ತರುಣಿಯರು, ಈ ಸೋಂಕಿನ ಭಯದಿಂದ ಮದುವೆಯವರೆಗೆ ದೇಹಸಂಬಂಧವೇ ಬೇಡವೆಂದು ನಿಶ್ಚಯಿಸಬಹುದು. ಈ ಸಂಯಮ ಎಷ್ಟರಮಟ್ಟಿಗೆ ರಕ್ಷಣೆ ನೀಡುತ್ತದೆ?

ಪಾಲಿಸಿದಷ್ಟು ಕಾಲ, ಲೈಂಗಿಕ ಮಾರ್ಗದ ಸೋಂಕಿನಿಂದ ಅದು ಪೂರ್ಣ ರಕ್ಷಣೆಯೇ ಸರಿ. ಆದರೆ ಅನ್ಯರು ಬಳಸಿದ ಸೂಜಿ, ಪರೀಕ್ಷಿಸದ ರಕ್ತ ಇವುಗಳ ಅಪಾಯವನ್ನು ಅದು ತಡೆಯಲಾರದು. ಇನ್ನು ಸಂಯಮವು ನಾಳೆಯನ್ನು ಕಾಯುತ್ತದೆಯೇ ಹೊರತು ನಿನ್ನೆಯನ್ನು ಅಳಿಸುವುದಿಲ್ಲ. ವೈರಾಣು ಯಾವ ಲಕ್ಷಣವನ್ನೂ ತೋರದೆ ವರ್ಷಗಟ್ಟಲೆ ದೇಹದಲ್ಲಿ ಅಡಗಿರಬಲ್ಲದು. ಆದ್ದರಿಂದ ಹಿಂದೆ ಸಂಪರ್ಕವಾಗಿದ್ದವರು ವ್ರತದ ಜೊತೆಗೆ ರಕ್ತಪರೀಕ್ಷೆಯನ್ನೂ ಮಾಡಿಸತಕ್ಕದ್ದು. ಸಂಪರ್ಕವಾಗಿ ಮೂರು ತಿಂಗಳು ಕಳೆದ ಮೇಲಿನ ಫಲಿತಾಂಶ ನಂಬಲರ್ಹ. ಸರಕಾರಿ ಆಪ್ತಸಮಾಲೋಚನಾ ಕೇಂದ್ರಗಳಲ್ಲಿ ಪರೀಕ್ಷೆ ಉಚಿತ. ಗೌಪ್ಯತೆಗೆ 2017ರ ಕಾಯಿದೆಯ ರಕ್ಷಣೆಯುಂಟು.

ನಿಶ್ಚಯವು ಎಂದಾದರೂ ಸಡಿಲಿದರೆ ಕಾಂಡೋಮ್ ಬಳಸುವುದು ಅವಶ್ಯ. ಅದೂ ತಪ್ಪಿದರೆ ನಾಚಿಕೆಯಿಂದ ಕಾಲಹರಣ ಮಾಡಬಾರದು. 72 ಗಂಟೆಗಳೊಳಗೆ ವೈದ್ಯರನ್ನು ಕಂಡು, ಅವರ ಸಲಹೆಯಂತೆ 28 ದಿನಗಳ ಪ್ರತಿಬಂಧಕ ಔಷಧಿ ಪಡೆಯಬಹುದು. ತಡಮಾಡಿದಷ್ಟೂ ಅದರ ಫಲ ಕುಂದುತ್ತದೆ.

ಪರೀಕ್ಷೆಯಲ್ಲಿ ಸೋಂಕು ಕಂಡುಬಂದರೂ ಜೀವನಪರ್ಯಂತ ಬ್ರಹ್ಮಚರ್ಯವೇ ಗತಿಯೆಂದು ತಿಳಿಯಬೇಕಾಗಿಲ್ಲ. ನಿತ್ಯ ಔಷಧಿಯಿಂದ ರಕ್ತದಲ್ಲಿ ವೈರಾಣು ಪತ್ತೆಯಾಗದ ಮಟ್ಟಕ್ಕಿಳಿದು ಹಾಗೆಯೇ ಉಳಿದರೆ, ಸಂಗಾತಿಗೆ ಲೈಂಗಿಕವಾಗಿ ಸೋಂಕು ಹರಡದು. ಸಂಯಮವು ಭಯದಿಂದಲ್ಲದೆ ತಿಳಿವಳಿಕೆಯಿಂದ ಬಂದಾಗಲೇ ನೆಮ್ಮದಿ ನೀಡುತ್ತದೆ.